ಮೂರೂವರೆ ಎಕರೆ ಹುಲ್ಲು, ಒಂದು ಒಣ ಮಧ್ಯಾಹ್ನ: ಟ್ರ್ಯಾಕ್ಟರ್ ಎಳೆಯುವ ಯಂತ್ರ ಕೊಳ್ಳಬೇಕೇ?

ಪ್ರಶ್ನೆ: ನಾನು ಸಕಲೇಶಪುರದ ಕಡೆಯ ಒಂದು ವಸತಿ ಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ಮೈದಾನದ ಹೊಣೆಯೂ ನನ್ನದೇ. ಆಟದ ಬಯಲು ಸುಮಾರು ಮೂರೂವರೆ ಎಕರೆ; ಬಹುಪಾಲು ಗರಿಕೆ, ಮರದ ನೆರಳಿನಲ್ಲಿ ಅಗಲ ಎಲೆಯ ಕಾರ್ಪೆಟ್ ಹುಲ್ಲು. ಒಂದು ಬದಿ ಕೆರೆಯ ಕಡೆಗೆ ಇಳಿಜಾರಾಗಿದೆ. ತಳ್ಳಿಕೊಂಡು ಹೋಗುವ ಎರಡು ಪೆಟ್ರೋಲ್ ಯಂತ್ರ, ಒಂದು ಬ್ರಷ್ ಕಟರ್, ಇಬ್ಬರು ಕೆಲಸಗಾರರು ಇದ್ದಾರೆ. ಮಳೆಗಾಲದಲ್ಲಿ ಈ ತುದಿ ಮುಗಿಸುವಷ್ಟರಲ್ಲಿ ಆ ತುದಿ ಮೊಣಕಾಲಿಗೆ ಬಂದಿರುತ್ತದೆ. ಶಾಲೆಯಲ್ಲಿ 18 ಎಚ್‌ಪಿ ಮಿನಿ ಟ್ರ್ಯಾಕ್ಟರ್ ಇದೆ. ಗಾಲ್ಫ್ ಮೈದಾನದಲ್ಲಿ ಬಳಸಿದ, ಉರುಳೆಯಾಗಿ ಸುತ್ತುವ ಅಲಗಿನ ಮೂರು ರೀಲ್‌ಗಳ ಎಳೆಯುವ ಯಂತ್ರವೊಂದನ್ನು ಅಗ್ಗಕ್ಕೆ ಕೊಡುತ್ತೇವೆ ಎಂದು ಒಬ್ಬರು ಹೇಳುತ್ತಿದ್ದಾರೆ. ತೋಟದವರು ಟ್ರ್ಯಾಕ್ಟರಿಗೆ ಕಟ್ಟಿ ಕಳೆ ಸವರುವ ಸ್ಲ್ಯಾಷರ್ ಸಾಕು ಎನ್ನುತ್ತಾರೆ. ಆಡಳಿತ ಮಂಡಳಿಯ ಹಿರಿಯರೊಬ್ಬರ ಪ್ರಕಾರ ಟ್ರ್ಯಾಕ್ಟರ್ ಇಳಿಸಿದರೆ ಮೈದಾನವೇ ಹಾಳು. ಕತ್ತರಿಸಿದ ಎರಡೇ ದಿನಕ್ಕೆ ಹುಲ್ಲಿನ ತುದಿ ಬೆಳ್ಳಗಾಗುವುದು ಏಕೆ ಎಂಬುದೂ ತಿಳಿಯುತ್ತಿಲ್ಲ. ಇನ್ನೊಂದು ಮಾತು: ಚೌತಿಗೆ ಊರಿನವರು ಗರಿಕೆ ಕೊಯ್ಯಲು ಬರುತ್ತಾರೆ, ಬೇಡ ಎನ್ನಲು ಮನಸ್ಸಾಗುವುದಿಲ್ಲ. ಏನು ಮಾಡಲಿ?

ಉತ್ತರ: ಮೇಡಂ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಯಾವ ಯಂತ್ರ ಎಂದು ಕೇಳಿದ್ದೀರಿ, ಆದರೆ ನಿಮಗೆ ನಿಜವಾಗಿ ಕೊರತೆಯಾಗಿರುವುದು ಒಣ ಹೊತ್ತು. ಮಲೆನಾಡಿನ ಅಂಚಿನಲ್ಲಿ ಜುಲೈ ತಿಂಗಳು ಹೇಗಿರುತ್ತದೆ ಎಂಬುದು ನಿಮಗೇ ಚೆನ್ನಾಗಿ ಗೊತ್ತು. ವಾರಕ್ಕೊಮ್ಮೆ ಮೋಡ ಹರಿದು, ಹತ್ತು ಗಂಟೆಯ ಹೊತ್ತಿಗೆ ಎಲೆಯ ಮೇಲಿನ ನೀರು ಆರಿ, ಮೂರು ಗಂಟೆಗೆ ಮತ್ತೆ ಹನಿ ಶುರುವಾಗುತ್ತದೆ. ನಡುವೆ ಸಿಗುವುದು ನಾಲ್ಕೈದು ತಾಸು. ಆ ನಾಲ್ಕೈದು ತಾಸಿನಲ್ಲಿ ಇಡೀ ಬಯಲು ಮುಗಿಯುತ್ತದೆಯೇ ಇಲ್ಲವೇ ಎಂಬುದೇ ನಿಮ್ಮ ಲೆಕ್ಕ. ಯಾವ ಯಂತ್ರವನ್ನು ಯಾರು ತೋರಿಸಿದರೂ ಮೊದಲು ಈ ಲೆಕ್ಕ ಹಾಕಿ, ಆಮೇಲೆ ಬೆಲೆ ಕೇಳಿ.

ಲೆಕ್ಕ ಸುಲಭ. ಯಂತ್ರದ ಕತ್ತರಿಸುವ ಅಗಲವನ್ನು ಮೀಟರ್‌ನಲ್ಲಿ ತೆಗೆದುಕೊಂಡು, ನಡೆಯುವ ವೇಗದಿಂದ ಗುಣಿಸಿ, ತಿರುವಿಗೆ, ಸಾಲಿನ ಮೇಲೆ ಸಾಲು ಬೀಳುವುದಕ್ಕೆ, ಹುಲ್ಲು ಕೆರೆದು ತೆಗೆಯುವುದಕ್ಕೆ ಐದನೇ ಒಂದು ಪಾಲು ಕಳೆಯಿರಿ. ಮೂರೂವರೆ ಎಕರೆ ಎಂದರೆ ಸುಮಾರು 14,000 ಚದರ ಮೀಟರ್. ನಿಮ್ಮ ತಳ್ಳುವ ಯಂತ್ರದ ಅಗಲ ಅರ್ಧ ಮೀಟರ್ ಇರಬಹುದು. ಒದ್ದೆ ನೆಲದಲ್ಲಿ ಅದನ್ನು ತಳ್ಳುವವರು ಗಂಟೆಗೆ 3 ಕಿಲೋಮೀಟರ್ ನಡೆದರೆ ಹೆಚ್ಚು. ಗಂಟೆಗೆ 1,200 ಚದರ ಮೀಟರ್ ಆಯಿತು. ಇಬ್ಬರೂ ಬಿಡದೆ ದುಡಿದರೂ ಆರು ಗಂಟೆ ಬೇಕು. ಬಿಡದೆ ಯಾರೂ ದುಡಿಯಲಾರರು, ದುಡಿಸಲೂಬಾರದು. ಅಂದರೆ ಒಂದು ಒಣ ಮಧ್ಯಾಹ್ನಕ್ಕೆ ಅರ್ಧ ಬಯಲು. ನಿಮ್ಮ ಕೆಲಸಗಾರರು ಸೋಮಾರಿಗಳಲ್ಲ, ಮಂಡಳಿಯವರಿಗೆ ಈ ಲೆಕ್ಕವನ್ನೇ ತೋರಿಸಿ. ಅದೇ 1.2 ಮೀಟರ್ ಅಗಲದ ಯಂತ್ರವನ್ನು ಟ್ರ್ಯಾಕ್ಟರ್ ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಎಳೆದರೆ ಗಂಟೆಗೆ 4,800 ಚದರ ಮೀಟರ್. ಮೂರು ಗಂಟೆಯಲ್ಲಿ ಬಯಲು ಮುಗಿಯುತ್ತದೆ. ಆದ್ದರಿಂದ ಎಳೆಯುವ ಯಂತ್ರದ ಕಡೆಗೆ ನೀವು ಯೋಚಿಸಿರುವುದು ಸರಿಯಾಗಿಯೇ ಇದೆ.

ಟ್ರ್ಯಾಕ್ಟರ್ ಇಳಿದರೆ ಮೈದಾನ ಹಾಳು ಎಂಬ ಹಿರಿಯರ ಮಾತನ್ನು ತಳ್ಳಿಹಾಕಬೇಡಿ, ಅದರಲ್ಲಿ ಅರ್ಧ ಸತ್ಯ ಇದೆ. ಇದು ಹಳೆಯ ಚಿಂತೆಯೂ ಹೌದು. ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಹುಲ್ಲು ಕತ್ತರಿಸುವ ಯಂತ್ರಗಳನ್ನು ಕುದುರೆಗಳು ಎಳೆಯುತ್ತಿದ್ದಾಗ, ಗೊರಸಿನ ಗುರುತು ಬೀಳದಿರಲೆಂದು ಅವುಗಳ ಕಾಲಿಗೆ ತೊಗಲಿನ ಬೂಟು ಹಾಕುತ್ತಿದ್ದರು. ನಿಮ್ಮ ಟ್ರ್ಯಾಕ್ಟರಿಗೂ ಅಂಥ ಬೂಟು ಬೇಕು. ಉಳುಮೆಗೆ ಬರುವ ಟೈರಿನ ಎತ್ತರದ ಉಬ್ಬುಪಟ್ಟಿಗಳು ಕೆಸರಿನಲ್ಲಿ ಹಿಡಿತ ಕೊಡಲೆಂದೇ ಇರುವುದು. ಹುಲ್ಲುಹಾಸಿನ ಮೇಲೆ, ಅದರಲ್ಲೂ ತಿರುವಿನಲ್ಲಿ, ಅವು ಬೇರುಸಹಿತ ಕಿತ್ತುಹಾಕುತ್ತವೆ. ಹುಲ್ಲುಹಾಸಿಗೆಂದೇ ಮಾಡಿದ, ಅಗಲವಾದ, ಉಬ್ಬು ಕಡಿಮೆ ಇರುವ ಟೈರುಗಳು ಮಿನಿ ಟ್ರ್ಯಾಕ್ಟರಿಗೆ ಸಿಗುತ್ತವೆ. ಯಂತ್ರಕ್ಕೆ ಹಣ ಇಡುವಾಗ ಟೈರಿಗೂ ಸೇರಿಸಿ ಇಡಿ. ಟೈರು ಬೇಡ, ಯಂತ್ರ ಮಾತ್ರ ಸಾಕು ಎಂದರೆ ನಾನು ಈ ದಾರಿಯನ್ನೇ ಸೂಚಿಸುವುದಿಲ್ಲ.

ಇನ್ನುಳಿದ ಅರ್ಧ ನಿಮ್ಮ ಕೈಯಲ್ಲೇ ಇದೆ. ನೆಲ ಗಟ್ಟಿಯಾಗುವುದು ಬರೀ ಭಾರದಿಂದಲ್ಲ, ಒದ್ದೆ ಮಣ್ಣಿನ ಮೇಲೆ ಬಿದ್ದ ಭಾರದಿಂದ. ಟ್ರ್ಯಾಕ್ಟರ್ ಹತ್ತುವ ಮೊದಲು ಮೈದಾನದ ನಡುವೆ ಹೋಗಿ ಎರಡು ಅಂಗುಲ ಆಳದ ಮಣ್ಣನ್ನು ಒಂದು ಹಿಡಿ ತೆಗೆದು ಮುಷ್ಟಿ ಬಿಗಿಯಿರಿ. ಬೆರಳ ಸಂದಿಯಲ್ಲಿ ನೀರು ಜಿನುಗಿದರೆ, ಅಥವಾ ಉಂಡೆ ಕಟ್ಟಿ ಅಂಗೈಗೆ ಮೆತ್ತಿಕೊಂಡರೆ, ಆ ದಿನ ಟ್ರ್ಯಾಕ್ಟರ್ ಬೇಡ. ಉಂಡೆ ಹೆಬ್ಬೆರಳಿನ ಒತ್ತಿಗೆ ಪುಡಿಯಾದರೆ ಹೋಗಬಹುದು. ಪ್ರತಿಸಲವೂ ಒಂದೇ ದಾರಿ ಹಿಡಿಯಬೇಡಿ. ಒಂದು ವಾರ ಉದ್ದಕ್ಕೆ, ಇನ್ನೊಂದು ವಾರ ಅಡ್ಡಕ್ಕೆ. ಮಳೆಗಾಲ ಮುಗಿದ ಮೇಲೆ ಗೋಲ್ ಕಂಬಗಳ ಬಾಯಿಯಲ್ಲಿ, ಟ್ರ್ಯಾಕ್ಟರ್ ತಿರುಗುವ ತುದಿಗಳಲ್ಲಿ ಮೊಳೆ ಹಲಗೆಯಿಂದಲೋ ಕವಲುಗೋಲಿನಿಂದಲೋ ನೆಲ ಚುಚ್ಚಿಸಿ, ಗಾಳಿ ನೀರು ಇಳಿಯಲಿ. ವರ್ಷಕ್ಕೊಮ್ಮೆ ಇಷ್ಟು ಮಾಡಿದ ಮೈದಾನ ಮಿನಿ ಟ್ರ್ಯಾಕ್ಟರಿನಿಂದ ಹಾಳಾದದ್ದನ್ನು ನಾನು ಕಂಡಿಲ್ಲ. ಜಾತ್ರೆಗೆ ಲಾರಿ ನಿಲ್ಲಿಸಿ ಹಾಳಾದ ಮೈದಾನಗಳನ್ನು ಬೇಕಾದಷ್ಟು ಕಂಡಿದ್ದೇನೆ.

ಈಗ ಆ ಅಗ್ಗದ ರೀಲ್ ಯಂತ್ರ. ಇದರ ಬಗ್ಗೆ ಸ್ವಲ್ಪ ಹೆಚ್ಚು ಬರೆಯುತ್ತೇನೆ, ಏಕೆಂದರೆ ಇದು ಒಳ್ಳೆಯ ಯಂತ್ರ. ಒಳ್ಳೆಯ ಯಂತ್ರವನ್ನು ತಪ್ಪು ಜಾಗಕ್ಕೆ ತಂದು ಎರಡು ವರ್ಷದಲ್ಲಿ ಗುಜರಿಗೆ ಹಾಕುವುದನ್ನು ನೋಡಿ ನನಗೆ ಹೊಟ್ಟೆ ಉರಿದಿದೆ. 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಎಂಬಾತ ಹುಲ್ಲು ಕತ್ತರಿಸುವ ಮೊದಲ ಯಂತ್ರಕ್ಕೆ ಪೇಟೆಂಟ್ ಪಡೆದ. ಬಟ್ಟೆ ಗಿರಣಿಯಲ್ಲಿ ಉಣ್ಣೆ ಬಟ್ಟೆಯ ಮೇಲಿನ ಎದ್ದ ಎಳೆಗಳನ್ನು ಸವರುವ ಯಂತ್ರ ಅವನಿಗೆ ದಾರಿ ತೋರಿಸಿತ್ತು. ಇಂದಿನ ರೀಲ್ ಕೂಡ ಅದೇ ತತ್ವದ್ದು: ತಿರುಚಿದ ಅಲಗುಗಳು ಉರುಳೆಯಾಗಿ ಸುತ್ತುತ್ತವೆ, ಕೆಳಗೆ ಒಂದು ಅಲುಗದ ಅಲಗು ಇರುತ್ತದೆ, ಎರಡರ ನಡುವೆ ಸಿಕ್ಕ ಹುಲ್ಲು ದರ್ಜಿಯ ಕತ್ತರಿಗೆ ಸಿಕ್ಕ ಬಟ್ಟೆಯಂತೆ ಕತ್ತರಿಸಿಹೋಗುತ್ತದೆ. ಹರಿಯುವುದಿಲ್ಲ, ಜಜ್ಜುವುದಿಲ್ಲ. ಗರಿಕೆಗೆ ಇದಕ್ಕಿಂತ ಅಂದವಾದ ಕತ್ತರಿಕೆ ಬೇರೆ ಇಲ್ಲ. ನಿಮಗೆ ತೋರಿಸಿದ್ದು ಚಕ್ರದಿಂದಲೇ ರೀಲ್ ತಿರುಗುವ ಬಗೆಯದಾಗಿದ್ದರೆ ಬೇರೆ ಇಂಜಿನ್ ಬೇಡ, ಭಾರವೂ ಕಡಿಮೆ. ಮೂರು ರೀಲ್ ಸೇರಿ 2 ಮೀಟರ್ ಅಗಲ ಸಿಕ್ಕರೂ ನಿಮ್ಮ ಬಯಲು ಎರಡು ಗಂಟೆಯೊಳಗೆ ಮುಗಿಯುತ್ತದೆ. ಲೆಕ್ಕದಲ್ಲಿ ಎಲ್ಲಕ್ಕಿಂತ ಮುಂದೆ ಇರುವುದು ಇದೇ.

ಆದರೆ ಈ ಯಂತ್ರ ಒಂದು ವಾರದ ತಪ್ಪನ್ನೂ ಕ್ಷಮಿಸುವುದಿಲ್ಲ. ಮೂರು ನಾಲ್ಕು ಅಂಗುಲ ಬೆಳೆದ ಹುಲ್ಲು ರೀಲಿನ ಬಾಯಿಗೆ ಸಿಗದೆ ಮುಂದಕ್ಕೆ ಬಾಗಿ ಅಡಿಗೆ ಹೋಗುತ್ತದೆ, ಯಂತ್ರ ದಾಟಿದ ಮೇಲೆ ಮತ್ತೆ ಎದ್ದು ನಿಲ್ಲುತ್ತದೆ. ತೆನೆ ಬಂದ ಗಟ್ಟಿ ಕಡ್ಡಿಗಳಂತೂ ಹಾಗೆಯೇ ಉಳಿಯುತ್ತವೆ. ಒದ್ದೆಯಲ್ಲಿ ಚಕ್ರ ಜಾರುತ್ತದೆ; ಚಕ್ರ ಜಾರಿದಲ್ಲಿ ರೀಲ್ ನಿಲ್ಲುತ್ತದೆ, ಅಲ್ಲಿ ಹುಲ್ಲು ಉಜ್ಜಿಹೋಗುತ್ತದೆ. ಇದನ್ನು ಇಟ್ಟುಕೊಂಡವರು ಮಳೆಗಾಲದಲ್ಲಿ ವಾರಕ್ಕೆರಡು ಸಲ ಕತ್ತರಿಸಲೇಬೇಕು. ನಿಮಗೆ ಒಂದು ಒಣ ಮಧ್ಯಾಹ್ನ ಸಿಗುವುದೇ ಕಷ್ಟ, ಎರಡು ಎಲ್ಲಿಂದ ತರುತ್ತೀರಿ? ಇನ್ನು ಸಾಣೆಯ ವಿಷಯ. ರೀಲ್ ಸಾಣೆ ಹಿಡಿಯಲು ಅದಕ್ಕೆಂದೇ ಇರುವ ಯಂತ್ರ ಬೇಕು, ಆ ಕೈಚಳಕದವರೂ ಬೇಕು. ಗಾಲ್ಫ್ ಕ್ಲಬ್‌ಗಳಲ್ಲಿ ಎರಡೂ ಇರುತ್ತವೆ. ನೀವು ಮೂರು ರೀಲ್‌ಗಳನ್ನು ಬಿಚ್ಚಿ ಪ್ರತಿಸಲ ಬೆಂಗಳೂರಿಗೆ ಸಾಗಿಸಬೇಕಾಗುತ್ತದೆ.

ಆದರೂ ನೋಡಿಬರುವ ಮನಸ್ಸಿದ್ದರೆ ಜೇಬಿನಲ್ಲಿ ಹಳೆಯ ದಿನಪತ್ರಿಕೆಯ ಒಂದು ಹಾಳೆ ಇಟ್ಟುಕೊಂಡು ಹೋಗಿ. ಯಂತ್ರ ಟ್ರ್ಯಾಕ್ಟರಿನಿಂದ ಬಿಡಿಸಿ ನಿಂತಿರಲಿ, ಕೈಗೆ ದಪ್ಪ ಚರ್ಮದ ಗ್ಲೌಸ್ ಇರಲಿ. ಕಾಗದದ ಉದ್ದನೆಯ ಪಟ್ಟಿಯನ್ನು ರೀಲಿಗೂ ಕೆಳಗಿನ ಅಲಗಿಗೂ ನಡುವೆ ಹಿಡಿದು, ಇನ್ನೊಬ್ಬರಿಂದ ರೀಲನ್ನು ಮೆಲ್ಲಗೆ ತಿರುಗಿಸಿ. ಈ ತುದಿಯಿಂದ ಆ ತುದಿಯವರೆಗೆ ಕಾಗದ ಚೊಕ್ಕವಾಗಿ ಕತ್ತರಿಸಿದರೆ ಅಲಗು ಜೀವಂತ. ಒಂದು ಕಡೆ ಕತ್ತರಿಸಿ ಇನ್ನೊಂದು ಕಡೆ ಮಡಚಿದರೆ ರೀಲ್ ಸವೆದು ಓರೆಯಾಗಿದೆ. ಆಗ ಎಷ್ಟೇ ಅಗ್ಗವಾದರೂ ಬೇಡ.

ಸ್ಲ್ಯಾಷರ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದು ತೆಂಗಿನ ತೋಟದ, ಪಾಳು ಜಮೀನಿನ ಯಂತ್ರ. ಅದರ ದಪ್ಪ ಅಲಗು ಹುಲ್ಲನ್ನು ಕತ್ತರಿಸುವುದಕ್ಕಿಂತ ಬಡಿದು ಉರುಳಿಸುತ್ತದೆ. ಮಕ್ಕಳು ಬರಿಗಾಲಿನಲ್ಲಿ ಓಡುವ ಕಡೆ ಚೂಪಾದ ಕೂಳೆ ನಿಲ್ಲುತ್ತದೆ. ರಜೆಯ ನಂತರ ಬಯಲು ಕಾಡಾಗಿದ್ದರೆ ಒಂದು ಸಲಕ್ಕೆ ಬಾಡಿಗೆಗೆ ತರಿಸಿ, ಎತ್ತರದಲ್ಲಿ ಓಡಿಸಿ, ವಾಪಸು ಕಳಿಸಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ರೋಟರಿ ಯಂತ್ರವನ್ನೇ ಆರಿಸುತ್ತೇನೆ. ಫಿನಿಶಿಂಗ್ ಮೂವರ್ ಎಂದು ಕೇಳಿ. ತಗಡಿನ ಹೊದಿಕೆಯ ಅಡಿಯಲ್ಲಿ ಸಾಮಾನ್ಯವಾಗಿ ಮೂರು ಅಲಗುಗಳು ಫ್ಯಾನಿನಂತೆ ತಿರುಗುತ್ತವೆ, ನಾಲ್ಕು ಮೂಲೆಯ ಗಾಲಿಗಳು ಎತ್ತರ ಕಾಯುತ್ತವೆ. ಇದರಲ್ಲಿ ಎರಡು ಬಗೆ. ಒಂದು, ಸ್ವಂತ ಇಂಜಿನ್ ಹೊತ್ತು ಪಿನ್‌ಗೆ ಸಿಕ್ಕಿಸಿ ಎಳೆಸಿಕೊಳ್ಳುವುದು. ಇನ್ನೊಂದು, ಟ್ರ್ಯಾಕ್ಟರಿನ ಹಿಂದಿನ ಮೂರು ಕೊಂಡಿಗೆ ಕಟ್ಟಿ, ಇಂಜಿನ್ನಿನ ಶಕ್ತಿಯನ್ನು ಹಿಂದಿನ ಯಂತ್ರಕ್ಕೆ ಒಯ್ಯುವ ಪಿಟಿಒ ಶಾಫ್ಟ್‌ನಿಂದ ನಡೆಯುವುದು. ಮೊದಲನೆಯದನ್ನು ಯಾವ ಸಣ್ಣ ವಾಹನಕ್ಕಾದರೂ ಕಟ್ಟಬಹುದು, ಪಕ್ಕಕ್ಕೆ ಸರಿಸಿ ಕಟ್ಟಿದರೆ ಬೇಲಿಯಂಚಿನವರೆಗೂ ತಲುಪುತ್ತದೆ. ಆದರೆ ಸಾಕಬೇಕಾದ ಇಂಜಿನ್ ಎರಡಾಗುತ್ತವೆ, ಹಿಂದಕ್ಕೆ ತೆಗೆಯುವಾಗ ಯಂತ್ರ ಮಡಚಿಕೊಂಡು ಟೈರಿಗೆ ತಾಗುತ್ತದೆ. ನಿಮ್ಮಲ್ಲಿ ಪಿಟಿಒ ಇರುವ ಟ್ರ್ಯಾಕ್ಟರ್ ಇರುವುದರಿಂದ ಎರಡನೆಯದೇ ವಾಸಿ. ಮೂಲೆಯಲ್ಲಿ ಎತ್ತಿ ತಿರುಗಿಸಬಹುದು, ರಸ್ತೆ ದಾಟಿಸಬಹುದು. ನಾಲ್ಕು ಅಡಿಯದು ಸಾಕು. ಅಂಗಡಿಯವರು ಐದು, ಆರು ಅಡಿಯದನ್ನು ತೋರಿಸಿ ಬೇಗ ಮುಗಿಯುತ್ತದೆ ಎನ್ನಬಹುದು. ಇಂಜಿನ್‌ನ 18 ಎಚ್‌ಪಿಯೂ ಪಿಟಿಒಗೆ ಬರುವುದಿಲ್ಲ. ಮೂಗಿಗಿಂತ ಮೂಗುತಿ ಭಾರವಾದರೆ ದಟ್ಟ ಹುಲ್ಲಿನಲ್ಲಿ ಇಂಜಿನ್ ಮುಕ್ಕರಿಯುತ್ತದೆ, ಯಂತ್ರ ಎತ್ತಿದಾಗ ಮುಂದಿನ ಚಕ್ರ ಹಗುರಾಗಿ ಸ್ಟೀರಿಂಗ್ ಮಾತು ಕೇಳುವುದಿಲ್ಲ. ಕೊಳ್ಳುವ ಮೊದಲು ಬೆಲ್ಟ್, ಬೇರಿಂಗ್, ಅಲಗು ಹಾಸನದಲ್ಲಿ ಸಿಗುತ್ತವೆಯೇ ವಿಚಾರಿಸಿ. ರೋಟರಿಯ ಅಲಗನ್ನು ನಿಮ್ಮ ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಸೆಯಬಹುದು. ನನಗೆ ಇದು ಎಲ್ಲಕ್ಕಿಂತ ದೊಡ್ಡ ಕಾರಣ.

ಇದಕ್ಕೂ ಕೊರತೆಗಳಿವೆ. ದಿಣ್ಣೆ ಇದ್ದಲ್ಲಿ ನೆಲ ಬೋಳಾಗುತ್ತದೆ, ಆ ಜಾಗಗಳನ್ನು ಬೇಸಿಗೆಯಲ್ಲೇ ಮಣ್ಣು ಹಾಕಿ ಸರಿ ಮಾಡಿಸಬೇಕು. ಟ್ರ್ಯಾಕ್ಟರಿನ ಚಕ್ರ ಮುಂದೆ ಹೋಗಿ ಮಲಗಿಸಿದ ಹುಲ್ಲು ಹಿಂದಿನ ಅಲಗಿಗೆ ಪೂರ್ತಿ ಸಿಗದೆ ಎರಡು ಗೆರೆಗಳಾಗಿ ಉಳಿಯುತ್ತದೆ. ಅಲಗು ಚೂಪಾಗಿದ್ದು, ಪಿಟಿಒ ವೇಗ ಪೂರ್ತಿ ಇದ್ದು, ಟ್ರ್ಯಾಕ್ಟರ್ ನಿಧಾನಕ್ಕೆ ನಡೆದರೆ ಗಾಳಿಯ ಸೆಳೆತಕ್ಕೇ ಹುಲ್ಲು ಏಳುತ್ತದೆ. ಡ್ರೈವರ್‌ಗಳು ಸಾಮಾನ್ಯವಾಗಿ ತಿರುಗುಮುರುಗು ಮಾಡುತ್ತಾರೆ: ಇಂಜಿನ್ ನಿಧಾನ, ಗಾಡಿ ಜೋರು. ಮರದ ಬುಡಕ್ಕೆ ಈ ಯಂತ್ರ ಹೋಗಕೂಡದು. ತೊಗಟೆ ಒಂದು ಸುತ್ತು ಸುಲಿದರೆ ಮರ ಸಾಯುತ್ತದೆ. ಬುಡ, ಅಂಚುಗಳಿಗೆ ನಿಮ್ಮ ತಳ್ಳುವ ಯಂತ್ರ ಇರಲಿ.

ಎತ್ತರದ ಬಗ್ಗೆ ಒಂದೇ ನಿಯಮ ನೆನಪಿಡಿ: ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ತೆಗೆಯಬೇಡಿ. ಗಿಡ್ಡ ಕತ್ತರಿಸಿದರೆ ಹದಿನೈದು ದಿನ ನಿಶ್ಚಿಂತೆ ಎಂಬ ನಂಬಿಕೆ ಎಲ್ಲೆಡೆ ಇದೆ. ಆಗುವುದು ಬೇರೆ. ಎಲೆ ಕಳೆದುಕೊಂಡ ಗರಿಕೆ ಬೇರಿನಲ್ಲಿ ಕೂಡಿಟ್ಟ ಆಹಾರ ತಿಂದು ಚಿಗುರುತ್ತದೆ, ಬೇರು ಮೇಲೆಯೇ ಉಳಿಯುತ್ತದೆ, ತೆರವಾದ ಜಾಗಕ್ಕೆ ಜೇಕು, ಮುಟ್ಟಿದರೆ ಮುನಿ ಬಂದು ಕೂರುತ್ತವೆ. ಗರಿಕೆ ಬಯಲನ್ನು ಒಂದೂವರೆ ಅಂಗುಲಕ್ಕೆ ಕತ್ತರಿಸಿ, ಎರಡೂಕಾಲು ಅಂಗುಲ ಆಗುವ ಮೊದಲು ಮತ್ತೆ ಕತ್ತರಿಸಿ. ನೆರಳಿನ ಕಾರ್ಪೆಟ್ ಹುಲ್ಲನ್ನು ಎರಡು ಅಂಗುಲಕ್ಕಿಂತ ಕೆಳಗೆ ಇಳಿಸಬೇಡಿ. ಈಗ ಮೊಣಕಾಲೆತ್ತರ ಇರುವುದನ್ನು ಮೂರು ನಾಲ್ಕು ಕಂತಿನಲ್ಲಿ, ನಡುವೆ ಕೆಲವು ದಿನ ಬಿಟ್ಟು ಇಳಿಸಿ. ವಾರವಾರ ಕತ್ತರಿಸಿದ ಸಣ್ಣ ಚೂರುಗಳನ್ನು ಗುಡಿಸುವುದು ಬೇಡ, ಕೊಳೆತು ಗೊಬ್ಬರವಾಗುತ್ತವೆ. ಗುಪ್ಪೆಯಾಗಿ ಬಿದ್ದ ಒದ್ದೆ ಹುಲ್ಲನ್ನು ಮಾತ್ರ ಅದೇ ದಿನ ಕೆರೆದು ತೆಗೆಯಿರಿ, ಇಲ್ಲದಿದ್ದರೆ ಅಡಿಯ ಹುಲ್ಲು ಹಳದಿಯಾಗುತ್ತದೆ.

ಬೆಳ್ಳಗಾಗುವ ತುದಿಗೆ ರೋಗ ಕಾರಣವಿರಲಾರದು, ಔಷಧಿಗೆ ಹಣ ಹಾಕುವ ಮೊದಲು ಒಂದು ಕೆಲಸ ಮಾಡಿ. ಕತ್ತರಿಸಿದ ಮರುದಿನ ಹತ್ತು ಎಲೆ ಕಿತ್ತು ಅಂಗೈ ಮೇಲೆ ಹರಡಿ, ಬಿಸಿಲಿಗೆ ಹಿಡಿದು ನೋಡಿ. ಚೂಪಾದ ಅಲಗು ಕತ್ತರಿಸಿದ ತುದಿ ಅಡ್ಡಗೆರೆ ಎಳೆದಂತೆ ನೇರವಾಗಿರುತ್ತದೆ. ಮೊಂಡು ಅಲಗು ಹರಿದ ತುದಿಯಲ್ಲಿ ಬಿಳಿ ನಾರುಗಳು, ಸವೆದ ಬಟ್ಟೆಯ ಅಂಚಿನಂತೆ, ಕೆದರಿಕೊಂಡಿರುತ್ತವೆ. ಆ ನಾರು ಒಣಗಿಯೇ ದೂರದಿಂದ ಮೈದಾನ ಬೂದಿ ಎರಚಿದಂತೆ ಕಾಣುವುದು. ಅಲಗನ್ನು ಎಂಟು ಹತ್ತು ಗಂಟೆ ಓಡಿಸಿದ ಮೇಲೊಮ್ಮೆ ಬಿಚ್ಚಿ ನೋಡಿ. ಮಸೆದ ಮೇಲೆ ನಡುವಿನ ತೂತನ್ನು ಗೋಡೆಯ ಮೊಳೆಗೆ ತೂಗುಹಾಕಿ. ಯಾವ ಬದಿ ಕೆಳಗೆ ವಾಲುತ್ತದೋ ಆ ಬದಿ ಇನ್ನಷ್ಟು ಮಸೆಯಬೇಕು. ತೂಕ ತಪ್ಪಿದ ಅಲಗು ನಡುಗಿ ನಡುಗಿ ಬೇರಿಂಗ್ ತಿನ್ನುತ್ತದೆ.

ಇನ್ನು ಅಪಾಯದ ಮಾತು. ಕೆರೆಯ ಬದಿಯ ಇಳಿಜಾರನ್ನು ಕಣ್ಣಳತೆಯಲ್ಲಿ ನಂಬಬೇಡಿ. ಒಂದು ಮೀಟರ್ ಉದ್ದದ ನೇರ ಪಟ್ಟಿಯ ಒಂದು ತುದಿಯನ್ನು ಮೇಲಿನ ನೆಲಕ್ಕೆ ತಾಗಿಸಿ, ಮೇಸ್ತ್ರಿಯ ರಸಮಟ್ಟ ಇಟ್ಟು ಸಮ ಮಾಡಿ, ಇನ್ನೊಂದು ತುದಿಯಿಂದ ನೆಲಕ್ಕೆ ಎಷ್ಟು ಎಂದು ಅಳೆಯಿರಿ. 27 ಸೆಂಟಿಮೀಟರ್ ಎಂದರೆ 15 ಡಿಗ್ರಿ. ಹತ್ತಿ ಕುಳಿತು ಓಡಿಸುವ ಹುಲ್ಲಿನ ಯಂತ್ರಗಳಿಗೆ ಸಾಮಾನ್ಯವಾಗಿ ಹೇಳುವ ಕೊನೆಯ ಮಿತಿ ಅದು. ಹಿಂದೆ ಯಂತ್ರ ಇದ್ದಾಗ, ಅದೂ ಒದ್ದೆ ಸೀಮೆಯಲ್ಲಿ, 17 ಸೆಂಟಿಮೀಟರ್ ದಾಟಿದರೆ ನಾನು ಟ್ರ್ಯಾಕ್ಟರ್ ಇಳಿಸುವುದಿಲ್ಲ. ಒಂದು ಎಸ್ಟೇಟಿನಲ್ಲಿ ಇಬ್ಬನಿ ಆರದ ಬೆಳಿಗ್ಗೆ, ಎಳೆಯುವ ಯಂತ್ರ ಇಳಿಜಾರಿನಲ್ಲಿ ಟ್ರ್ಯಾಕ್ಟರನ್ನೇ ಹಿಂದಿನಿಂದ ದೂಡಿಕೊಂಡು ಹೋಯಿತು. ಬ್ರೇಕ್ ಹಾಕಿದಷ್ಟೂ ಜಾರಿತು. ಒಂದು ಸಿಲ್ವರ್ ಓಕ್ ಮರ ಅಡ್ಡ ಸಿಕ್ಕಿದ್ದರಿಂದ ಡ್ರೈವರ್ ಉಳಿದರು. ನಿಮ್ಮ ಇಳಿಜಾರಿನ ಕೆಳಗೆ ಕೆರೆ ಇದೆ. ಅಲ್ಲಿ ಲಾವಂಚ ನೆಡಿ. ಅದರ ಬೇರು ಮಣ್ಣು ಹಿಡಿಯುತ್ತದೆ, ಕತ್ತರಿಸುವ ಕೆಲಸವೂ ತಪ್ಪುತ್ತದೆ.

ಪಿಟಿಒ ಶಾಫ್ಟ್ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. ಹೆಗಲ ಮೇಲಿನ ಟವೆಲ್ ಒಮ್ಮೆ ಸಿಕ್ಕಿಕೊಂಡರೆ ಕೈ ಎಳೆದುಕೊಳ್ಳುವಷ್ಟು ಹೊತ್ತೂ ಇರುವುದಿಲ್ಲ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರು ಟವೆಲ್ ಹಳೆಯದಾಗಿ ಹರಿದುಹೋದದ್ದರಿಂದ ಬದುಕಿದರು. ಕುತ್ತಿಗೆಯ ಸುತ್ತ ಆ ಗಾಯದ ಗುರುತು ತಿಂಗಳುಗಟ್ಟಲೆ ಇತ್ತು. ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವಚ ಒಡೆದಿದ್ದರೆ ಆ ದಿನ ಕೆಲಸವಿಲ್ಲ ಎಂದು ನೀವೇ ಹೇಳಬೇಕು. ಯಂತ್ರದ ಅಡಿಗೆ ಕೈ ಹಾಕುವ ಮೊದಲು ಇಂಜಿನ್ ಆರಿಸಿ, ಕೀಲಿ ಕಿತ್ತು ಜೇಬಿಗೆ ಹಾಕಿಕೊಳ್ಳಬೇಕು. ಅಲಗಿನ ತುದಿಯ ವೇಗ ಗಂಟೆಗೆ 300 ಕಿಲೋಮೀಟರ್ ಆಸುಪಾಸು ಇರುತ್ತದೆ. ಅದಕ್ಕೆ ತಾಗಿದ ಕಲ್ಲು ಎಷ್ಟು ದೂರ ಹಾರುತ್ತದೆ ಎಂದು ಯಾರೂ ಹೇಳಲಾರರು. ಆದ್ದರಿಂದ ಕತ್ತರಿಸುವುದು ತರಗತಿ ನಡೆಯುವ ಹೊತ್ತಿನಲ್ಲಿ, ಮೈದಾನ ಖಾಲಿ ಇರುವಾಗ ಮಾತ್ರ. ಅದಕ್ಕೂ ಮುಂಚೆ ಒಬ್ಬರು ಬಯಲಿನಲ್ಲಿ ಸಾಲು ಹಿಡಿದು ನಡೆದು ಕಲ್ಲು, ಬಾಟಲಿ, ತಂತಿ ಆರಿಸಿ ತೆಗೆಯಲಿ. ಮಕ್ಕಳನ್ನು ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂರಿಸಿಕೊಳ್ಳುವ ಪ್ರೀತಿ ನಮ್ಮ ಡ್ರೈವರ್‌ಗಳಲ್ಲಿ ಬಹಳ. ನಿಮ್ಮ ಶಾಲೆಯಲ್ಲಿ ಅದಕ್ಕೆ ಮೊದಲ ದಿನದಿಂದಲೇ ಅವಕಾಶ ಕೊಡಬೇಡಿ.

ಕೊನೆಗೆ ಚೌತಿಯ ಗರಿಕೆ. ಕೊಯ್ಯುವವರನ್ನು ತಡೆಯಬೇಡಿ, ಕೈಯಿಂದ ಚಿವುಟಿದರೆ ಗರಿಕೆಗೆ ಏನೂ ಆಗುವುದಿಲ್ಲ. ಆದರೆ ವಾರವಾರ ಕತ್ತರಿಸಿದ ಬಯಲಿನಲ್ಲಿ ಅವರಿಗೆ ಬೇಕಾದ ಮೂರೆಲೆಯ ಎಳೆ ಕುಡಿ ಅಖಂಡವಾಗಿ ಸಿಗುವುದಿಲ್ಲ. ಹಬ್ಬಕ್ಕೆ ಮೂರು ವಾರ ಇರುವಾಗಲೇ ಗೇಟಿನ ಪಕ್ಕ, ಬೇಲಿಯ ಉದ್ದಕ್ಕೆ, ಯಂತ್ರದ ಎರಡು ಸಾಲಿನಷ್ಟು ಅಗಲದ ಪಟ್ಟಿಯನ್ನು ಕತ್ತರಿಸದೆ ಬಿಡಿ. ಅಲ್ಲಿ ಕಳೆನಾಶಕ ಹೊಡೆಯಬೇಡಿ, ಟ್ರ್ಯಾಕ್ಟರ್ ನಿಲ್ಲಿಸಿ ಡೀಸೆಲ್ ತುಂಬಬೇಡಿ. ಹಬ್ಬ ಕಳೆದ ಮರುವಾರ ಆ ಪಟ್ಟಿಯನ್ನು ಮೊದಲು ಮೂರು ಅಂಗುಲಕ್ಕೆ, ಐದಾರು ದಿನ ಬಿಟ್ಟು ಎರಡಕ್ಕೆ ಇಳಿಸಿದರೆ ಅಕ್ಟೋಬರ್ ಹೊತ್ತಿಗೆ ಉಳಿದ ಬಯಲಿನ ಜೊತೆ ಸೇರಿಕೊಳ್ಳುತ್ತದೆ.